ಕೇಳಿಸದ ತಾಳ

ಕೇಳಿಸದ ದುಡಿಮೆಗೆ ಬೆಲೆಯುಂಟೇ? ಹೆಸರು ತಾರದ ಕೆಲಸವನ್ನು ಮನಸಾರೆ ಮಾಡುವದು ಧರ್ಮವೋ, ಬೇರೆ ದಾರಿ ಕಾಣದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವೋ? ಪ್ರಾಥಮಿಕ ಶಾಲೆಯ ಶಿಕ್ಷಕರಾದ ನಮ್ಮನ್ನು ಈ ಪ್ರಶ್ನೆಯು ಆಗಾಗ ಕಾಡುವದುಂಟು. ಕಳೆದ ಬೇಸಿಗೆಯಲ್ಲಿ ಅದು ನಾವು ನಿರೀಕ್ಷಿಸದ ಸ್ಥಳದಲ್ಲಿ ಎದುರಾಯಿತು.

ಸೊಲ್ಲಾಪುರದ ನವಿ ಪೇಠದ ಗದ್ದಲವು ವಾಚಕರಿಗೆ ಪರಿಚಿತವೇ ಸರಿ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಚೌಕಾಶಿ ನಡೆಸುವ ಪೇಠವದು. ಅಲ್ಲಿಯ ಮಾಳಿಗೆಯೊಂದರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ವಿದ್ಯುತ್ತಿನ ಸಹಾಯವಿಲ್ಲದ ಸಾದಾ ಗಿಟಾರಿನ ಮೇಲೆ, ಅಮೇರಿಕೆಯ 'ಬ್ಲೂಸ್' ಎಂಬ ಸಂಗೀತವನ್ನು 'ಸ್ವಿಂಗ್' ನಡೆಯಲ್ಲಿ ನುಡಿಸುತ್ತಿದ್ದನು. ಬಲಗೈ ತಂತಿಗಳನ್ನು ಮೀಟಿದ ಮರುಕ್ಷಣವೇ ಎಡಗೈಯ ಒತ್ತು ಸಡಿಲುವದು. ನಾದವು ಹುಟ್ಟಿದೊಡನೆ ಅಡಗುವದು. "ದನಿಯನ್ನು ಬೆಳೆಯಗೊಡದೆ ಹೀಗೇಕೆ ತಡೆಯುವಿ?" ಎಂದು ಕೇಳಿದೆವು. "ಗುರುಗಳೇ, ಇದು ಹಾಡಲ್ಲ, ಹಾಡುವವರಿಗೆ ಹಿಡಿದ ತಾಳ" ಎಂದನು.

ಮುಂದೆ ಅವನೇ ವಿವರಿಸಿದನು. ಬ್ಲೂಸಿನ ಒಂದು ಸುತ್ತಿಗೆ ಸಾಮಾನ್ಯವಾಗಿ 12 ಅಳತೆಗಳು. ಅಳತೆಗೆ 4ರಂತೆ ಒಟ್ಟು 48 ಪೆಟ್ಟುಗಳು. ಮೂರು ಸ್ವರಮೇಳಗಳು ಬಂದರೆ ಸಾಕು. ಒಂದು ಪೆಟ್ಟನ್ನು ಎರಡಾಗಿ ಒಡೆಯುವಾಗ ಸಮನಾಗಿ ಒಡೆಯದೆ, ಮೊದಲಿನದನ್ನು ದೀರ್ಘವಾಗಿಯೂ ಎರಡನೆಯದನ್ನು ಹ್ರಸ್ವವಾಗಿಯೂ, ಹೆಚ್ಚುಕಡಿಮೆ ಎರಡಕ್ಕೆ ಒಂದರಂತೆ ಹಿಡಿದರೆ ಸ್ವಿಂಗಿನ ತೂಗು ಬರುವದು. ಗತಿಯು ಏರಿದಂತೆ ಈ ಅಂತರವು ಕಡಿಮೆಯಾಗುವದರಿಂದ ಇದನ್ನು ಕಾಗದದ ಮೇಲೆ ಪೂರ್ತಿ ಬರೆದಿಡಲಾಗದು, ಕೇಳಿಯೇ ಕಲಿಯಬೇಕು. ಪದ್ಯವು ಮೂರು ಸಾಲಿನದು. ಮೊದಲ ಸಾಲನ್ನು ಹಾಡಿ, ಅದನ್ನೇ ಮರಳಿ ಹಾಡಿ, ಮೂರನೆಯದರಲ್ಲಿ ಉತ್ತರ ಹೇಳುವದು ರೂಢಿ. ಇದನ್ನು ಕೇಳಿದಾಗ ನಮಗೆ ಬೀಸುವ ಕಲ್ಲಿನ ತ್ರಿಪದಿ ನೆನಪಾಯಿತು. ಅದೂ ಮೂರು ಸಾಲಿನದೇ. ಹಾಡುವಾಗ ನಡುವಿನ ಸಾಲಿನ ಭಾಗವು ಮರಳಿ ಬರುವದು. ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲಿ ನಸುಕಿನಲ್ಲೆದ್ದು ಅದನ್ನು ಹಾಡಿದ ತಾಯಂದಿರ ಹೆಸರು ಇಂದು ಯಾರು ಬಲ್ಲರು?

ಆ ವಿದ್ಯಾರ್ಥಿಯ ಆದರ್ಶವು ಫ್ರೆಡ್ಡಿ ಗ್ರೀನ್ ಎಂಬ ಗಿಟಾರುವಾದಕ. 1911ರಲ್ಲಿ ಹುಟ್ಟಿದ ಈತನು 1937ರಲ್ಲಿ ಕೌಂಟ್ ಬೇಸಿಯ ವಾದ್ಯವೃಂದವನ್ನು ಸೇರಿ, ನಡುವಿನ ಅಲ್ಪ ವಿರಾಮವನ್ನು ಬಿಟ್ಟರೆ, 1987ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು. ಆ ವೃಂದದ ಪ್ರಸಿದ್ಧ 'ವನ್ ಓ ಕ್ಲಾಕ್ ಜಂಪ್' ಇದೇ 12 ಅಳತೆಯ ಬ್ಲೂಸು. ತುತ್ತೂರಿಗಳ ಅಬ್ಬರದಲ್ಲಿ ಈತನ ಗಿಟಾರು ಶ್ರೋತೃಗಳ ಕಿವಿಗೆ ಬೀಳುವದೇ ಅಪರೂಪ. ಆದರೂ ಜೊತೆಗಾರರು ಹೆಜ್ಜೆಯೂರುತ್ತಿದ್ದುದು ಆತನ ನಾಲ್ಕು ಪೆಟ್ಟುಗಳ ಮೇಲೆ.

ಒಡನೆ ನಮ್ಮ ತರಗತಿಯು ಕಣ್ಮುಂದೆ ಬಂದಿತು. ಕಳೆದ ವರ್ಷ ನಮ್ಮ ಕನ್ನಡ ಶಾಲೆಯ ಒಂದನೆಯ ಇಯತ್ತೆಗೆ ಬಂದ ಮಕ್ಕಳು ಒಂಬತ್ತು. ಆ ಮಕ್ಕಳಿಗೆ ಒತ್ತಕ್ಷರ ತಿದ್ದಿಸುವ ಕೆಲಸವು ಯಾರ ಕಿವಿಗೆ ಬೀಳುವದು? "ನಾವೂ ಗ್ರೀನನಂತೆಯೇ" ಎಂದು ಹಿಗ್ಗುತ್ತ ಮನೆಗೆ ಬಂದೆವು.

ಆದರೆ ರಾತ್ರಿಯಾಗುವಷ್ಟರಲ್ಲಿ ಆ ಹಿಗ್ಗು ಇಳಿಯಿತು. ಬ್ಲೂಸನ್ನು ಹುಟ್ಟಿಸಿದವರು ಅಮೇರಿಕೆಯ ದಕ್ಷಿಣ ಪ್ರಾಂತಗಳ ಕಪ್ಪು ಜನರು. 1865ರಲ್ಲಿ ಗುಲಾಮಗಿರಿಯು ಕಾಯದೆಯಿಂದ ಅಳಿದರೂ ಅವರ ಬಾಳಿನ ಕಷ್ಟವು ಅಳಿಯಲಿಲ್ಲ. ಅವರ ದನಿಯು ಕೇಳಿಸದೆ ಹೋದದ್ದು ಅವರ ವಿನಯದಿಂದಲ್ಲ; ಇತರರು ಕಿವಿ ಮುಚ್ಚಿಕೊಂಡಿದ್ದರಿಂದ. ಅಂಥವರಿಗೆ "ಕೇಳಿಸದ ಸೇವೆಯೇ ಶ್ರೇಷ್ಠ"ವೆಂದು ಉಪದೇಶಿಸಿದರೆ ಅದು ಅನ್ಯಾಯಕ್ಕೆ ಹೊದಿಸಿದ ಶಾಲಾಗುವದು. ನಮ್ಮ ಬೀಸುವ ತಾಯಂದಿರ ವಿಷಯದಲ್ಲಿಯೂ ಇದೇ ಮಾತು.

ಗ್ರೀನನೂ ಆ ಜನರಲ್ಲಿಯೇ ಹುಟ್ಟಿದವನು. ಆದರೆ ಆತನಿಗೆ ಬೇರೆ ಏನೂ ಬಾರದೆಂದಲ್ಲ. 'ಕಾರ್ನರ್ ಪಾಕೆಟ್' ಎಂಬ ಹೆಸರಾದ ರಚನೆಯು ಆತನದೇ. ದನಿಯುಳ್ಳವನು ಇನ್ನೊಬ್ಬರಿಗಾಗಿ ತನ್ನ ದನಿಯನ್ನು ತಗ್ಗಿಸಿದನು. ಆದುದರಿಂದ ನಮಗೆ ತೋರುವ ಪರೀಕ್ಷೆ ಇಷ್ಟೇ: ನಾವು ತಗ್ಗಿದ್ದರಿಂದ ಇನ್ನೊಬ್ಬರ ದನಿಯು ಏಳುವದೋ ಇಲ್ಲವೋ? ಎದ್ದರೆ ಅದು ತಾಳ. ಏಳದಿದ್ದರೆ ಬರಿಯ ಮೂಕತನ.

ಕೆಲ ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಕನ್ನಡ ತರಗತಿಯೊಂದನ್ನು ಮುಚ್ಚುವ ಮಾತು ಬಂದಾಗ ನಾವು ಸುಮ್ಮನೆ ಕುಳಿತಿದ್ದೆವು. ಅದನ್ನು ವಿನಯವೆಂದು ಕರೆದುಕೊಂಡೆವು. ಆ ತರಗತಿಯು ಇಂದು ಇಲ್ಲ. ಅಂದಿನ ನಮ್ಮ ಮೌನದಿಂದ ಯಾವ ಮಗುವಿನ ದನಿಯೂ ಏಳಲಿಲ್ಲ, ನೆನೆದರೆ ನಾಚಿಕೆಯಾಗುವದು.

12ನೆಯ ಶತಮಾನದಲ್ಲಿ ಸಿದ್ಧರಾಮನು ಈ ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸಿದನು. ಮಣ್ಣು ಹೊತ್ತವರ ಹೆಸರು ನಮಗೆ ತಿಳಿಯದು, ಕೆರೆ ಮಾತ್ರ ಉಳಿದಿದೆ. ಅವರಂತೆ ಹೊರುವದಕ್ಕೆ ನಾವು ಸಿದ್ಧರು. ಒಂಬತ್ತು ಮಕ್ಕಳು ಓದುವಾಗ ನಮ್ಮ ದನಿ ತಗ್ಗಿಯೇ ಇರಲಿ. ಆದರೆ ಆ ಮಕ್ಕಳು ಕೂಡುವ ತರಗತಿಯ ಮಾತು ಮತ್ತೊಮ್ಮೆ ಸಭೆಗೆ ಬಂದರೆ ನಾವು ಎದ್ದು ನಿಂತು ಮಾತಾಡುವೆವು. ಶಿಕ್ಷಕ ಬಂಧುಗಳೂ ವಿದ್ಯಾರ್ಥಿ ಮಿತ್ರರೂ ಆಗ ನಮ್ಮ ಜೊತೆಗಿರಬೇಕೆಂದು ಬೇಡುವೆವು.