ಗಾಳಿ ತಂದುಕೊಟ್ಟ ಸರಕು



ಕಳೆದ ಮಳೆಗಾಲದಲ್ಲಿ ಒಂದು ದಿನ ನಸುಕಿನಲ್ಲಿ ಪೆರುಂದುರೈ ಕಡೆಯ ಹೆದ್ದಾರಿಯಲ್ಲಿ ಅಡುಗೆ ಎಣ್ಣೆ ತುಂಬಿದ ಲಾರಿಯೊಂದು ಮಗುಚಿ ಬಿತ್ತು. ಹೊತ್ತು ಏರುವುದರೊಳಗೆ ಜನ ಡಬ್ಬಗಳನ್ನು ಹೊತ್ತು ಮನೆ ಸೇರಿದ್ದರು. ನಮ್ಮ ಭಕ್ತರೊಬ್ಬರು ನಾಲ್ಕು ಡಬ್ಬ ತಂದು ಮಠದ ದಾಸೋಹಕ್ಕೆಂದು ಇಳಿಸಿದರು. “ಹಾಳಾಗಿ ಹೋಗುವುದು ಶಿವಾರ್ಪಣೆಯಾಗಲಿ ಬಿಡಿ, ಕಾರ್ಯದರ್ಶಿಗಳೇ” ಎಂದರು. ಒಂದು ಡಬ್ಬ ಅಂದೇ ಒಲೆಯ ಬಳಿಗೆ ಹೋಯಿತು. ಸಂಜೆ ಜಮಾ-ಖರ್ಚು ಪುಸ್ತಕ ಬರೆಯಲು ಕುಳಿತಾಗ ನನ್ನ ಕೈ ನಿಂತಿತು. ಕಾಣಿಕೆ ಕೊಟ್ಟವರು ಎಂಬ ಕಡೆ ಯಾರ ಹೆಸರು ಬರೆಯುವುದು? ಆಪತ್ತಿಗೆ ಸಿಕ್ಕವನ ವಸ್ತು ನಮ್ಮ ಬಾಗಿಲಿಗೆ ಬಂದು ಬಿದ್ದ ಮಾತ್ರಕ್ಕೆ ನಮ್ಮದಾಗುತ್ತದೆಯೇ?

ಇದು ಹಳೆಯ ಪ್ರಶ್ನೆ. ಹಾಯಿ ಹಡಗುಗಳ ಕಾಲದಲ್ಲಿ ಅರಸರೇ ಇದಕ್ಕೆ ಉತ್ತರ ಹೇಳಬೇಕಾಗಿತ್ತು. ಬಿರುಗಾಳಿಗೆ ಹಡಗು ಒಡೆದು, ಅಲೆಗಳಿಂದ ಪಾರಾಗಿ ದಡ ಸೇರಿದವನಿಗೆ ದಡದ ಮೇಲೆ ಇನ್ನೊಂದು ಭಯ ಕಾದಿರುತ್ತಿತ್ತು. ಎಷ್ಟೋ ತೀರಗಳಲ್ಲಿ ಒಡೆದ ಹಡಗಿನ ಸರಕು ಆ ನೆಲದ ದೊರೆಯ ಪಾಲು. 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ, ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ಪಾರಸಿ ದೂತ ಅಬ್ದುಲ್ ರಜಾಕ್ ಈ ಸಂಗತಿಯನ್ನು ಬರೆದಿದ್ದಾನೆ. ದಾರಿ ತಪ್ಪಿ ಬಂದ ಹಡಗನ್ನು ಗಾಳಿ ತಂದುಕೊಟ್ಟದ್ದೆಂದು ಬೇರೆ ಬಂದರುಗಳಲ್ಲಿ ದೋಚುತ್ತಿದ್ದರಂತೆ. ಕಲ್ಲಿಕೋಟೆಯಲ್ಲಿ ಮಾತ್ರ ಹಾಗೆ ಮಾಡುತ್ತಿರಲಿಲ್ಲವಂತೆ.

ಅದಕ್ಕೂ ಇನ್ನೂರು ವರ್ಷ ಹಿಂದೆ, 1244-45ರಲ್ಲಿ, ಕಾಕತೀಯ ಗಣಪತಿದೇವನು ಆಂಧ್ರ ತೀರದ ಮೋಟುಪಲ್ಲಿಯಲ್ಲಿ ಒಂದು ಅಭಯ ಶಾಸನ ಹಾಕಿಸಿದನು. ಅಲ್ಲಿನ ವೀರಭದ್ರ ದೇವಾಲಯದಲ್ಲಿ ಅದು ದೊರೆತಿದೆ. ಹಿಂದಿನ ಅರಸರು ಬಿರುಗಾಳಿಗೆ ಒಡೆದು ದಡಕ್ಕೆ ಬಿದ್ದ ಹಡಗುಗಳ ಚಿನ್ನ, ಆನೆ, ಕುದುರೆ, ರತ್ನ ಎಲ್ಲವನ್ನೂ ಬಲವಂತದಿಂದ ಕಿತ್ತುಕೊಳ್ಳುತ್ತಿದ್ದರು. ಪ್ರಾಣವನ್ನೇ ಒತ್ತೆಯಿಟ್ಟು ಕಡಲಿಗಿಳಿದವರ ಮೇಲಿನ ಕರುಣೆಯಿಂದ, ಕೀರ್ತಿಗಾಗಿ, ಧರ್ಮಕ್ಕಾಗಿ, ನಾವು ಗೊತ್ತಾದ ಸುಂಕವೊಂದನ್ನು ಬಿಟ್ಟು ಉಳಿದದ್ದನ್ನು ಮುಟ್ಟುವುದಿಲ್ಲ ಎಂಬುದು ಅದರ ಸಾರ. ಸುಂಕ ಮೂವತ್ತರಲ್ಲಿ ಒಂದು ಪಾಲು. ಅಭಯವಿರುವ ಬಂದರಿಗೇ ವರ್ತಕ ಬರುತ್ತಾನೆ ಎಂಬುದನ್ನು ವ್ಯಾಪಾರಸ್ಥರಾದ ನಿಮಗೆ ನಾನು ಹೇಳಬೇಕಿಲ್ಲ.

ಸರಕಿನ ಲೆಕ್ಕದಲ್ಲಿ ಮನುಷ್ಯನನ್ನೇ ಮರೆತರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಹಡಗಿನ ಕಥೆ ಇದೆ. 1761ರ ಜುಲೈ 31ರಂದು ಫ್ರೆಂಚರ ‘ಯೂಟಿಲ್’ ಎಂಬ ಹಡಗು ಮಡಗಾಸ್ಕರ್ ದ್ವೀಪದ ಪೂರ್ವಕ್ಕೆ, ಹಿಂದೂ ಮಹಾಸಾಗರದ ಒಂದು ಮರಳು ದಿಬ್ಬಕ್ಕೆ ಬಡಿದು ಒಡೆಯಿತು. ಆ ದ್ವೀಪ ಎರಡು ಕಿಲೋಮೀಟರ್ ಉದ್ದವೂ ಇಲ್ಲ. ಹಡಗಿನ ತಳದಲ್ಲಿ ಮಡಗಾಸ್ಕರಿನಿಂದ ಮಾರಲು ಒಯ್ಯುತ್ತಿದ್ದ ಗುಲಾಮರಿದ್ದರು. ಅನೇಕರು ಅಲ್ಲೇ ಮುಳುಗಿದರು. ಬದುಕಿದವರೆಲ್ಲ ಸೇರಿ ಮುರಿದ ಮರದಿಂದ ಎರಡು ತಿಂಗಳಲ್ಲಿ ದೋಣಿ ಕಟ್ಟಿದರು. ಆದರೆ ಅದನ್ನು ಹತ್ತಿದವರು ಫ್ರೆಂಚರು ಮಾತ್ರ. ಮತ್ತೆ ಬಂದು ಕರೆದೊಯ್ಯುತ್ತೇವೆ ಎಂದು ಮಾತು ಕೊಟ್ಟು ಸುಮಾರು 60 ಗುಲಾಮರನ್ನು ಅಲ್ಲೇ ಬಿಟ್ಟು ಹೋದರು. ದೋಣಿ ಕಟ್ಟಿಸಿದ ಅಧಿಕಾರಿ ಕಾಸ್ತೆಲಾನ್ ಮತ್ತೆ ಮತ್ತೆ ಕೇಳಿಕೊಂಡರೂ ಮಾರಿಷಸ್ಸಿನ ಆಡಳಿತ ಹಡಗು ಕಳಿಸಲು ಒಪ್ಪಲಿಲ್ಲ. ಹದಿನೈದು ವರ್ಷಗಳ ನಂತರ, 1776ರ ನವೆಂಬರ್ 29ರಂದು, ಹಡಗೊಂದು ಅಲ್ಲಿಂದ ಕರೆತಂದದ್ದು ಏಳು ಹೆಂಗಸರನ್ನು, ಎಂಟು ತಿಂಗಳ ಒಂದು ಕೂಸನ್ನು.

2006ರಿಂದ ಅಲ್ಲಿ ಉತ್ಖನನ ನಡೆದಾಗ ಹವಳದ ಕಲ್ಲಿನ ಮನೆಗಳೂ ಮತ್ತೆ ಮತ್ತೆ ತೇಪೆ ಹಾಕಿದ ತಾಮ್ರದ ಪಾತ್ರೆಗಳೂ ಸಿಕ್ಕಿವೆ. ಆಮೆ, ಹಕ್ಕಿಗಳನ್ನು ತಿಂದು, ಒಲೆ ಆರದಂತೆ ನೋಡಿಕೊಂಡು, ಅವರು ಸಂಸಾರ ನಡೆಸಿದ್ದರು. ಮಾತು ಕೊಟ್ಟವರ ಕಡತದಲ್ಲಿ ಅವರು ಕಳೆದುಹೋದ ಸರಕು. ಕಡಲಿನ ನಡುವೆ ಅವರು ಮನುಷ್ಯರಾಗಿಯೇ ಬಾಳಿದರು.

ಈಗ ನಮ್ಮ ಎಣ್ಣೆ ಡಬ್ಬಕ್ಕೆ ಬರೋಣ. “ಡ್ರೈವರ್ ಏನಾದ?” ಎಂದು ಆ ಭಕ್ತರನ್ನು ಕೇಳಿದೆ. ಅವರು ತಲೆ ತಗ್ಗಿಸಿದರು. “ರಸ್ತೆ ಬದಿಯಲ್ಲಿ ಕಾಲು ಹಿಡಿದುಕೊಂಡು ಕೂತಿದ್ದ. ಏನೋ ಹೇಳುತ್ತಿದ್ದ. ಹಿಂದಿ ನಮಗೆ ಬರಬೇಕಲ್ಲ!” ಎಂದರು. ಅವನ ಮಟ್ಟಿಗೆ ನಮ್ಮ ಹೆದ್ದಾರಿಯೇ ಮರಳು ದಿಬ್ಬವಾಗಿತ್ತು. ಇದು ನನಗೂ ಹೊಳೆದದ್ದು ಒಂದು ಡಬ್ಬ ಒಡೆದ ಮೇಲೆಯೇ.

ಇನ್ಶೂರೆನ್ಸ್ ಇರುತ್ತದಲ್ಲ ಎನ್ನುವವರಿದ್ದಾರೆ. ವಾಣಿಜ್ಯ ಓದಿದವನಾಗಿ ಹೇಳುತ್ತೇನೆ, ನಷ್ಟ ಎಂಬುದು ಮಾಯವಾಗುವುದಿಲ್ಲ, ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ಹೋಗುತ್ತದೆ, ಅಷ್ಟೆ. ನಾವು ತೆಗೆಯದಿದ್ದರೆ ಬೇರೆಯವರು ತೆಗೆಯುತ್ತಿದ್ದರು ಎನ್ನುವವರೂ ಇದ್ದಾರೆ. ಬೇರೆಯವರ ತಪ್ಪು ನಮ್ಮ ರಸೀದಿಯಾಗುವುದಿಲ್ಲ. ಚೆಲ್ಲಿ ಮಣ್ಣುಪಾಲಾದದ್ದರ ಮಾತು ಬೇರೆ. ಸೀಲು ಒಡೆಯದ ಡಬ್ಬಕ್ಕೆ ಒಡೆಯನಿದ್ದಾನೆ. ಅಂಗಳ ಗುಡಿಸುವ ಕಾಯಕದ ಶರಣೆ ಸತ್ಯಕ್ಕ, ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಮುಟ್ಟೆನೆಂದು ಶಿವನಿಗೆ ಭಾಷೆ ಕೊಟ್ಟವಳು. ಕಾಯಕದಿಂದ ಬಾರದ್ದು ದಾಸೋಹಕ್ಕೆ ಸಲ್ಲದು. ಮಠದ ಒಲೆಗೆ ಹಾಕಿದ ಮಾತ್ರಕ್ಕೆ ಅದು ಪ್ರಸಾದವೂ ಆಗದು.

ಮರುದಿನ ನಾವಿಬ್ಬರೂ ಮೂರು ಡಬ್ಬಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆವು. ನಾಲ್ಕನೆಯದರ ಬೆಲೆಯನ್ನು ಲಾರಿ ಮಾಲೀಕರಿಗೆ ಕಳಿಸಿ ಮಠದ ಖರ್ಚಿನಲ್ಲಿ ಬರೆದಿದ್ದೇನೆ. ಆದರೆ ರಸ್ತೆ ಬದಿಯಲ್ಲಿ ಕೂತಿದ್ದವನಿಗೆ ಕೊಡದೆ ಹೋದ ಒಂದು ಲೋಟ ನೀರನ್ನು ಯಾವ ಪುಟದಲ್ಲಿ ಬರೆಯಬೇಕೋ ನನಗೆ ತಿಳಿದಿಲ್ಲ.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹ ಇಷ್ಟೇ. ಇನ್ನು ಮುಂದೆ ಇಂಥದ್ದು ಕಣ್ಣಿಗೆ ಬಿದ್ದರೆ ಮೊದಲು ಮನುಷ್ಯನ ಬಳಿಗೆ ಹೋಗಿ. ನೀರು ಕೊಡಿ, 108ಕ್ಕೆ ಫೋನ್ ಮಾಡಿ, ಒಡೆಯ ಬರುವ ತನಕ ಸರಕಿಗೆ ಕಾವಲು ನಿಲ್ಲಿ. ಭಾಷೆ ಬಾರದಿದ್ದರೂ ಇಷ್ಟನ್ನು ಮಾಡಬಹುದು.

ಶರಣು ಶರಣಾರ್ಥಿ.

— ಕಾರ್ಯದರ್ಶಿ