ಭವಿಷ್ಯದಿಂದ ತಂದ ಹೂವು

ಸಂತೆಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ತಿಂಗಳಿಗೊಮ್ಮೆ ಐದಾರು ಮಂದಿ ಸೇರುವುದುಂಟು. ಸಂಘವೆನ್ನುವಷ್ಟು ದೊಡ್ಡದಲ್ಲ, ಅಧ್ಯಕ್ಷರಿಲ್ಲ, ವಂದನಾರ್ಪಣೆಯಿಲ್ಲ. ಪುಸ್ತಕವೊಂದನ್ನು ಓದಿ ಬಂದವರು ಅದರ ವಿಚಾರ ಮಾತನಾಡುತ್ತಾರೆ. ಓದದೆ ಬಂದವರು ಇನ್ನಷ್ಟು ಹೆಚ್ಚು ಮಾತನಾಡುತ್ತಾರೆ. ಕಳೆದ ಆಟಿಯ ಮಳೆಯಲ್ಲಿ ನಾವು ಕೈಗೆತ್ತಿಕೊಂಡದ್ದು ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ‘ದಿ ಟೈಮ್ ಮೆಷೀನ್’ ಎಂಬ ಕಿರುಕಾದಂಬರಿ. ಇಂಗ್ಲಿಷ್ ಬಾರದವರಿಗಾಗಿ, ಪುರಾಣವಾಚನದಲ್ಲಿ ಮಾಡುವಂತೆ, ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳಿದೆವು.

ಕಥೆ ಬಹಳ ಮಂದಿಗೆ ಗೊತ್ತು. ಒಬ್ಬ ವಿಜ್ಞಾನಿ ತಾನೇ ಮಾಡಿದ ಯಂತ್ರವನ್ನೇರಿ 8,02,701ನೆಯ ಇಸವಿಗೆ ಹೋಗುತ್ತಾನೆ. ಆ ಹೊತ್ತಿಗೆ ಮನುಷ್ಯಕುಲ ಎರಡಾಗಿ ಒಡೆದಿದೆ. ನೆಲದ ಮೇಲೆ ಹಣ್ಣು ತಿಂದು ಹಾಡಿ ಕುಣಿಯುವ, ಬುದ್ಧಿ ಮಂಕಾದ ಎಲೋಯ್ ಜನ. ನೆಲದಡಿಯ ಕತ್ತಲಲ್ಲಿ ಯಂತ್ರ ನಡೆಸುತ್ತ, ರಾತ್ರಿ ಮೇಲೆ ಬಂದು ಎಲೋಯರನ್ನೇ ಹಿಡಿದು ತಿನ್ನುವ ಮಾರ್ಲಾಕರು. ಒಂದು ದಿನ ವೀನಾ ಎಂಬ ಎಲೋಯ್ ಹೆಣ್ಣು ಹೊಳೆಯಲ್ಲಿ ಮುಳುಗುತ್ತಿರುವಾಗ ಅವಳ ಜನ ಯಾರೂ ಕದಲುವುದಿಲ್ಲ. ಯಾತ್ರಿಕ ಧುಮುಕಿ ಎತ್ತುತ್ತಾನೆ. ಅಂದಿನಿಂದ ಅವಳು ಅವನ ಬೆನ್ನು ಬಿಡಳು. ಕಿಸೆಯೆಂದರೆ ಹೂವಿಡುವ ಒಂದು ಬಗೆಯ ಪಾತ್ರೆಯೆಂದೇ ತಿಳಿದು, ಅವನ ಕಿಸೆಗೆ ಹೂವು ತುಂಬುತ್ತಾಳೆ. ಅವಳನ್ನು ತನ್ನ ಕಾಲಕ್ಕೆ ಕರೆದೊಯ್ಯಬೇಕೆಂದು ಅವನು ನಿಶ್ಚಯಿಸುತ್ತಾನೆ. ಆದರೆ ಯಂತ್ರವಿದ್ದಲ್ಲಿಗೆ ಮರಳುವ ದಾರಿಯಲ್ಲಿ ರಾತ್ರಿಯಾಗುತ್ತದೆ. ಕಾಡಿನ ಅಂಚಿಗೆ ಬಂದಾಗ ಅವಳು ಕತ್ತಲಿಗೆ ಹೆದರಿ ನಿಲ್ಲಬಯಸುತ್ತಾಳೆ. ಅವನು ಮುಂದೆ ಸಾಗುತ್ತಾನೆ. ಅವನೇ ಹಚ್ಚಿದ ಬೆಂಕಿ ಕಾಡನ್ನು ಹಿಡಿಯುತ್ತದೆ. ಆ ರಾತ್ರಿಯಲ್ಲಿ ವೀನಾ ಕಳೆದುಹೋಗುತ್ತಾಳೆ. ಅವನು ಒಬ್ಬನೇ ಮರಳುತ್ತಾನೆ. ಕಿಸೆಯಲ್ಲಿ ಎರಡು ಬಿಳಿಯ ಹೂವುಗಳಿವೆ.

ಇಷ್ಟಾದ ಮೇಲೆ ಜಗಲಿ ತಾಳಮದ್ದಳೆಯ ಕೂಟವೇ ಆಯಿತು. ವಾಲಿಯ ಪರ ಒಬ್ಬ, ರಾಮನ ಪರ ಇನ್ನೊಬ್ಬ ಬೆಳಗಿನ ತನಕ ವಾದಿಸುವುದನ್ನು ಕೇಳಿ ಬೆಳೆದ ಊರಿದು. ಕಥೆಯ ನಾಯಕನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮಗೆ ಹೊಸತೇನಲ್ಲ.

ನಿವೃತ್ತ ವಿಜ್ಞಾನದ ಮಾಷ್ಟ್ರು ಮೊದಲು ಬಾಯಿ ತೆರೆದರು. ಅವರ ಮತದಲ್ಲಿ ಈ ಪ್ರೇಮಪ್ರಸಂಗವೇ ಅನಾವಶ್ಯಕ. ವೆಲ್ಸ್ ಜೀವಶಾಸ್ತ್ರವನ್ನು ಟಿ. ಎಚ್. ಹಕ್ಸ್‌ಲಿಯವರಲ್ಲಿ ಕಲಿತವನು, ವಿಕಾಸವೆಂದರೆ ಏಳಿಗೆಯೆಂದೇ ಅರ್ಥವಲ್ಲ, ಶ್ರೀಮಂತರೂ ದುಡಿಯುವವರೂ ಹೀಗೆಯೇ ದೂರ ಸರಿದರೆ ಇಬ್ಬರೂ ಮನುಷ್ಯರಾಗಿ ಉಳಿಯಲಾರರು ಎಂದು ತೋರಿಸುವುದೇ ಅವನ ಉದ್ದೇಶ. “ಅದು ಪ್ರೇಮ ಹೇಗಾಗ್ತದೆ ಮಾರಾಯ್ರೆ? ಸಮಾನರಲ್ಲಿ ಪ್ರೇಮ. ಇದು ನಾಯಿಮರಿಯ ಮೇಲಿನ ಮಮತೆ,” ಎಂದರು.

ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬೇರೆ ತಪ್ಪನ್ನು ಹಿಡಿದಳು. “ಕರೆದುಕೊಂಡು ಹೋಗ್ತೇನೆ ಅಂತ ಅವನೇ ನಿಶ್ಚಯ ಮಾಡಿದ. ನೀನು ಬರ್ತೀಯಾ ಅಂತ ಅವಳನ್ನು ಕೇಳಿದನಾ?” ನಾನು ನಮ್ಮ ಪುರಾಣದ ರೇವತಿಯನ್ನು ನೆನಪಿಸಿದೆ. ಮಗಳಿಗೆ ವರನನ್ನು ಕೇಳಲು ಕಕುದ್ಮಿ ರಾಜ ಅವಳನ್ನು ಬ್ರಹ್ಮನ ಸಭೆಗೆ ಕರೆದೊಯ್ದ. ಅಲ್ಲಿನ ಗಾಯನ ಮುಗಿಯುವಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿದ್ದವು. ಮರಳಿ ಬಂದು ಮಗಳನ್ನು ಬಲರಾಮನಿಗೆ ಕೊಟ್ಟ. ಹಳೆಯ ಯುಗದ ಹೆಣ್ಣು ಹೊಸ ಯುಗದವರಿಗಿಂತ ಎತ್ತರವಾಗಿದ್ದಳೆಂದು ಬಲರಾಮ ನೇಗಿಲಿನಿಂದ ಅವಳನ್ನು ತಗ್ಗಿಸಿದನೆಂದು ವಿಷ್ಣುಪುರಾಣ ಹೇಳುತ್ತದೆ. ಹುಡುಗಿ ನಕ್ಕು, “ಅಲ್ಲಿಯೂ ಯಾರೂ ಕೇಳಲಿಲ್ಲ, ಅಲ್ವಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬ್ಯಾಂಕಿನಲ್ಲಿ ಕೆಲಸಕ್ಕಿರುವವರೊಬ್ಬರು ಜಾರ್ಜ್ ಪಾಲ್ 1960ರಲ್ಲಿ ತೆಗೆದ ಚಲನಚಿತ್ರವನ್ನು ನೋಡಿದ್ದರು. ಅದರಲ್ಲಿ ವೀನಾ ಸಾಯುವುದಿಲ್ಲ. ನಾಯಕ ಮೂರು ಪುಸ್ತಕ ತೆಗೆದುಕೊಂಡು ಅವಳಿದ್ದಲ್ಲಿಗೇ ಹೊರಡುತ್ತಾನೆ. “ಅದೇ ಚಂದ,” ಎಂದರು ಅವರು. ಚಂದವೇನೋ ಹೌದು. ಆದರೆ ಅದನ್ನು ನೋಡಿ ಎದ್ದ ಪ್ರೇಕ್ಷಕನಿಗೆ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದೂ ಉಳಿಯುವುದಿಲ್ಲ.

ಕೊನೆಗೆ ಮಾತನಾಡಿದವರು ನೆರೆಮನೆಯ ಬಾಯಮ್ಮ. ಅವರ ಮಕ್ಕಳಿಬ್ಬರೂ ಕೊಲ್ಲಿ ದೇಶದಲ್ಲಿದ್ದಾರೆ. ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದವರು, “ಕರಕೊಂಡು ಹೋಗ್ತೇನೆ ಅಂತ ಹೇಳುವವರು ಕೆಟ್ಟವರಲ್ಲ. ಹೇಳುವಾಗ ಅವರಿಗೆ ನಿಜವಾಗಿಯೂ ಮನಸ್ಸು ಉಂಟು,” ಎಂದರು. ಅಷ್ಟೇ ಹೇಳಿ ಕೊಡೆ ತೆಗೆದುಕೊಂಡು ಹೊರಟರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾಷ್ಟ್ರ ಮಾತನ್ನೇ ಮತ್ತೆ ಮತ್ತೆ ತೂಗಿದೆ. ಪ್ರೇಮಕ್ಕೆ ಸಮಾನ ಬುದ್ಧಿಯೇ ಅಳತೆಗೋಲಾದರೆ ಎಳೆಗೂಸು ಅದರಿಂದ ಹೊರಗಾಯಿತು. ನೆನಪು ಅಳಿದ ಮುದುಕರೂ ಹೊರಗಾದರು. ನಮ್ಮನ್ನು ಪೂರ್ತಿ ಅರ್ಥಮಾಡಿಕೊಳ್ಳದೆಯೇ ಪ್ರೀತಿಸಿದವರ ಲೆಕ್ಕ ತೆಗೆದರೆ ನಮ್ಮ ಬಾಳಿನಲ್ಲಿ ಉಳಿಯುವವರೆಷ್ಟು ಮಂದಿ? ಯಾತ್ರಿಕನ ಕರ್ತವ್ಯ ಹುಟ್ಟುವುದು ವೀನಾಳ ಬುದ್ಧಿಯಿಂದಲ್ಲ. ಅವಳು ಕೊಟ್ಟ ಹೂವನ್ನು ಅವನು ತೆಗೆದುಕೊಂಡನಲ್ಲ, ಅದರಿಂದ. ಒಬ್ಬರ ನಂಬಿಕೆಯನ್ನು ಸ್ವೀಕರಿಸುವುದೆಂದರೆ, ಬಾಯಿಬಿಟ್ಟು ಹೇಳದಿದ್ದರೂ, ಮಾತು ಕೊಟ್ಟಂತೆಯೇ.

ಹಾಗಾದರೆ ಅವನು ಅಲ್ಲಿಯೇ ಉಳಿಯಬೇಕಿತ್ತೆ? ಹಾಗೆ ಕೇಳುವ ಹಕ್ಕು ಯಾರಿಗೂ ಇಲ್ಲವೆಂದು ನನಗೆ ತೋರುತ್ತದೆ. ತನ್ನ ಲೋಕಕ್ಕೆ ಮರಳಬಯಸುವುದು ಪಾಪವಲ್ಲ. ಆದರೆ ಕಾಡಿನ ಅಂಚಿನಲ್ಲಿ ಅವಳು ನಿಂತಾಗ ಅವನೂ ನಿಲ್ಲಬೇಕಿತ್ತು. ಮಾರ್ಲಾಕರು ಎಲ್ಲಿಯೂ ಬರಬಹುದಿತ್ತು, ಅವನಿಗೂ ಭಯವಿತ್ತು ಎಂಬುದು ನಿಜ. ಆದರೂ ಆ ಕತ್ತಲನ್ನು ಅವನಿಗಿಂತ ಚೆನ್ನಾಗಿ ಬಲ್ಲವಳು ಅವಳು. ಅವಳ ಹೆದರಿಕೆಯನ್ನು ಅವನು ಅಜ್ಞಾನವೆಂದು ಎಣಿಸಿದ. ಅದು ಅವಳಲ್ಲಿದ್ದ ಜ್ಞಾನವಾಗಿತ್ತು.

ನಾನೂ ಮೂವತ್ತು ವರ್ಷ ಮುಂಬಯಿಯಲ್ಲಿ ದುಡಿದವನು. ಪ್ರತಿ ಮೇ ತಿಂಗಳಲ್ಲಿ ಊರಿಗೆ ಬಂದು, “ಅಮ್ಮಾ, ದೊಡ್ಡ ಮನೆ ಮಾಡಿದ ಕೂಡಲೇ ಕರೆದುಕೊಂಡು ಹೋಗುತ್ತೇನೆ,” ಎನ್ನುತ್ತಿದ್ದೆ. ಒಮ್ಮೆ ಕರೆದುಕೊಂಡೂ ಹೋದೆ. ನಾಲ್ಕನೆಯ ಮಹಡಿ, ತುಳುವಿನಲ್ಲಿ ಮಾತನಾಡಲು ಹಗಲಿಡೀ ಒಂದು ಜೀವವಿಲ್ಲ. ಲಿಫ್ಟಿಗೆ ಹೆದರುತ್ತಿದ್ದಳು, ನಾನು ನಗುತ್ತಿದ್ದೆ. ಎರಡು ತಿಂಗಳಲ್ಲಿ ಊರಿಗೆ ಮರಳಿದಳು. ಆ ಮೇಲೆ ಕರೆದರೂ ಬರಲಿಲ್ಲ. ಅವಳಿಗೆ ಏನು ಬೇಕಿತ್ತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳು ತೀರಿದ ಮೇಲೆ ಪೆಟ್ಟಿಗೆ ತೆರೆದರೆ, ನಾನು ಕಳುಹಿಸಿದ ಮನಿಯಾರ್ಡರುಗಳ ಕೂಪನ್ನುಗಳು ದಾರ ಕಟ್ಟಿ ಇಟ್ಟಿದ್ದವು. ಅವಳಿಗೆ ಓದಲು ಬರುತ್ತಿರಲಿಲ್ಲ.

ವೆಲ್ಸನ ಯಾತ್ರಿಕ ಮನೆಗೆ ಬಂದವನೇ ಮೊದಲು ಕೇಳುವುದು ಮಾಂಸದೂಟವನ್ನು. ಮನುಷ್ಯರನ್ನೇ ಮನುಷ್ಯರು ತಿನ್ನುವುದನ್ನು ಕಂಡು ಬಂದವನಿಗೂ ಹಸಿವು ಹಸಿವೇ. ಮರುದಿನ ಮತ್ತೆ ಯಂತ್ರವೇರಿ ಹೋದವನು ತಿರುಗಿ ಬರಲಿಲ್ಲ. ಬಾಡಿದ ಆ ಹೂವುಗಳು ಉಳಿದದ್ದು ಕಥೆ ಕೇಳಿದ ಗೆಳೆಯನ ಬಳಿ. ಬುದ್ಧಿ ಬಲಗಳು ಅಳಿದ ಮೇಲೆಯೂ ಕೃತಜ್ಞತೆ ಮನುಷ್ಯನ ಎದೆಯಲ್ಲಿ ಉಳಿದಿತ್ತೆಂಬುದಕ್ಕೆ ಅವು ಸಾಕ್ಷಿಯೆಂದು ಆ ಗೆಳೆಯ ಸಮಾಧಾನ ತಂದುಕೊಳ್ಳುತ್ತಾನೆ.

ಆ ಸಮಾಧಾನ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ವೀನಾಳ ಕೃತಜ್ಞತೆಗೆ ಹೂವು ಸಾಕ್ಷಿ, ಸರಿಯೆ. ಯಾತ್ರಿಕನ ಕೃತಜ್ಞತೆಗೆ ಸಾಕ್ಷಿ ಯಾವುದು? ಭವಿಷ್ಯದ ಮನುಷ್ಯ ಹೇಗಿರುವನೆಂಬ ಚಿಂತೆಯಿಂದ ಆ ಪುಸ್ತಕವನ್ನು ತೆರೆದೆ. ಹಿಂದಿನವರಿಗೆ ನಾನು ಹೇಗಿದ್ದೆನೆಂಬ ಚಿಂತೆಯಿಂದ ಮುಚ್ಚಿದೆ. ಮುಂದಿನ ತಿಂಗಳು ಬಾಯಮ್ಮ ಬಂದಾಗ ನಾನು ಯಾವ ವಾದವನ್ನೂ ಹೂಡಲಿಲ್ಲ. “ಕಾಫಿಯೋ, ಚಹಾವೋ?” ಎಂದಷ್ಟೇ ಕೇಳಿದೆ; ಅವರು ಯೋಚಿಸಿ ಹೇಳುವ ತನಕ ಕಾದೆ.