ಬಾಗಿಲಲ್ಲಿ ನಿಂತ ಅತಿಥಿ

ತಿಕೋಟಾದ ನನ್ನ ಗೆಳೆಯರೊಬ್ಬರು ಒಣದ್ರಾಕ್ಷಿ ಮಾರಲು ಜಾಲತಾಣ ತೆರೆದಿದ್ದಾರೆ. ಗಿರಾಕಿಗಳು ಬರೆಯಲೆಂದು ಇಟ್ಟ ನಮೂನೆಯ ತುಂಬ ಯಂತ್ರಗಳು ಸುರಿದ ಸಾಲದ, ಜೂಜಿನ ಜಾಹೀರಾತು. ಬಬಲೇಶ್ವರದ ಅಂಗಡಿಯವರೊಬ್ಬರು ದರ ಕೇಳಿ ಬರೆದದ್ದು ಅದರಡಿ ಹೂತುಹೋಗಿತ್ತು. ವಿಜಯಪುರದ ಗೋಳಗುಮ್ಮಟದಲ್ಲೂ ಹೀಗೆಯೇ. ಕೂಗುವವರ ನಡುವೆ ಪಿಸುಮಾತು ಕೇಳಿಸದು.

ಹಾಗೆಂದು ಬಾಗಿಲು ಮುಚ್ಚಲಾದೀತೆ? ಲೂಯಿ ವಾನ್ ಆನ್ ಮತ್ತು ಸಂಗಡಿಗರು 2003ರ ಪ್ರಬಂಧದಲ್ಲಿ ವಿವರಿಸಿದ ‘ಕ್ಯಾಪ್ಚಾ’, ಬಂದವರಿಗೆಲ್ಲ ‘ನೀನು ಮನುಷ್ಯನೇ?’ ಎಂದು ಪರೀಕ್ಷೆ ಒಡ್ಡುತ್ತದೆ. ಕಣ್ಣು ಮಂಜಾದ ಹಿರಿಯರು ಅಲ್ಲೇ ಸೋಲುತ್ತಾರೆ. ಇನ್ನೊಂದು ಉಪಾಯವುಂಟು: ಮನುಷ್ಯರ ಕಣ್ಣಿಗೆ ಬೀಳದ ಒಂದು ಖಾಲಿ ಜಾಗ. ಯಂತ್ರ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಎಲ್ಲವೂ ಸಿಗಲಿಕ್ಕಿಲ್ಲ, ಉಳಿದ ಕಸವನ್ನು ಕೈಯಾರೆ ಗುಡಿಸಬೇಕು. ಕಳ್ಳನಿಗಾಗಿ ಅತಿಥಿ ಏಕೆ ಪರೀಕ್ಷೆಗೆ ಕೂಡಬೇಕು? ಆ ದಣಿವು ಮನೆಯವರದೇ ಇರಲಿ.